ಎಲೆ ನೋಡಿ ಔಷಧ ಹೇಳಬೇಡಿ, ಗಡ್ಡೆ ಸೀಳಿ ನೋಡಿ

ಗ್ಲ್ಯಾಡಿಯೋಲಸ್ ಎಲೆ ಹಳದಿಯಾದ ಕೂಡಲೇ ನೀರು ಹೆಚ್ಚಿಸಿ, ಶಿಲೀಂಧ್ರನಾಶಕ ಸಿಂಪಡಿಸಿ ಎಂದು ಪತ್ರಿಕೆಯಲ್ಲಿ ಬಂದ ಸಲಹೆ ಒಪ್ಪತಕ್ಕದ್ದಲ್ಲ. ಬಂಕಾಪುರ, ಸವಣೂರು ಸುತ್ತಲಿನ ಎರೆ ಹೊಲಗಳಲ್ಲಿ ಇದನ್ನು ಪಾಲಿಸಿದರೆ ರೋಗಕ್ಕೇ ಅನುಕೂಲ.

ಆ ಸಲಹೆ ಬರೆದವರು ಎಲೆ ನೋಡಿದ್ದಾರೆ, ಗಡ್ಡೆ ನೋಡಿಲ್ಲ. ಎಲೆ ತುದಿಯಿಂದ ಹಳದಿಯಾಗಿ, ಗಿಡ ಬಾಗಿ ಸೊರಗುತ್ತಿದ್ದರೆ ಒಂದನ್ನು ಕಿತ್ತು ಗಡ್ಡೆಯನ್ನು ಉದ್ದಕ್ಕೆ ಸೀಳಿ. ಬುಡದಿಂದ ಒಳತಿರುಳು ಕಂದಾಗಿದ್ದರೆ ಅದು ಬಹುಮಟ್ಟಿಗೆ ಫ್ಯುಸೇರಿಯಂ ಸೊರಗು ರೋಗ. ಅದು ಗಡ್ಡೆಯ ಜೊತೆಗೇ ಹೊಲಕ್ಕೆ ಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎಲೆಗೆ ಹೊಡೆದ ಔಷಧದಿಂದ ಅದು ಹೋಗುವುದಿಲ್ಲ. ನಿಂತ ನೀರು ಕೊಳೆಯನ್ನು ಹೆಚ್ಚಿಸುತ್ತದೆ. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರುಗಳಿದ್ದರೆ ಅದು ರೋಗವೇ ಅಲ್ಲ, ಥ್ರಿಪ್ಸ್ ಕೀಟದ ಹಾವಳಿ. ಅದಕ್ಕೆ ಶಿಲೀಂಧ್ರನಾಶಕ ಹೊಡೆಯುವುದು ದಂಡದ ಖರ್ಚು.

ನಿಜವಾದ ಹತೋಟಿ ನಾಟಿಗೆ ಮೊದಲೇ ಆಗಬೇಕು. ಮೆತ್ತಗಾದ, ಕಲೆಯಿರುವ ಗಡ್ಡೆಗಳನ್ನು ತೆಗೆದುಹಾಕಿ. ಉಳಿದವನ್ನು ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಲ್ಲಿ ಆರಿಸಿ. ನೀರು ಬಸಿಯುವಂತೆ ಮಡಿ ಎತ್ತರಿಸಿ. ತಿಪ್ಪೆಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಕೊಡಿ. ಸೊರಗಿದ ಗಿಡವನ್ನು ಗಡ್ಡೆಸಮೇತ ಕಿತ್ತು ಸುಡಿ. ಆ ಹೊಲದಲ್ಲಿ ಮೂರ್ನಾಲ್ಕು ವರ್ಷ ಮತ್ತೆ ಗ್ಲ್ಯಾಡಿಯೋಲಸ್ ಬೇಡ.

ರೈತ ಬಾಂಧವರೇ, ಸಂಶಯ ಬಂದರೆ ಔಷಧದ ಅಂಗಡಿಗೆ ಹೋಗುವ ಮೊದಲು ಗಡ್ಡೆಸಮೇತ ಗಿಡವನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ದೇವಿಹೊಸೂರಿನ ತೋಟಗಾರಿಕೆ ಕಾಲೇಜಿಗೋ ಒಯ್ದು ತೋರಿಸಿ. ರೋಗ ಯಾವುದೆಂದು ಗೊತ್ತಾದ ಮೇಲಷ್ಟೇ ಹಣ ಬಿಚ್ಚಿ.