ಮನೆಬಂಡಿಯಲ್ಲಿ ಹನ್ನೊಂದು ದಿನ

ಗೃಹಸ್ಥಾಶ್ರಮದ ಮುಂದಿನದು ವಾನಪ್ರಸ್ಥವೆಂದು ಮೂವತ್ತೈದು ವರ್ಷ ಕಾಲ ಹುಡುಗರಿಗೆ ಪಾಠ ಹೇಳಿದವನು ನಾನು. ಆದರೆ ವನಕ್ಕೆ ಹೋಗುವಾಗ ಮನೆಯನ್ನೂ ಚಕ್ರದ ಮೇಲೆ ಕಟ್ಟಿಕೊಂಡು ಹೋಗಬಹುದೆಂದು ಯಾವ ಸ್ಮೃತಿಕಾರನೂ ಬರೆದಂತೆ ಕಾಣೆನು. ಕಳೆದ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಮನೆಯಾಕೆಯೂ ಹಾಗೆ ಹೋಗಿಬಂದೆವು. ಅದರ ವೃತ್ತಾಂತವನ್ನೇ ಈ ಸಲ ವಾಚಕರ ಮುಂದೆ ಇಡುತ್ತೇನೆ.

ನಮ್ಮ ಮಗಳು ಅಳಿಯಂದಿರು ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಕೇರ್ನ್ಸ್ ಎಂಬ ಪಟ್ಟಣದಲ್ಲಿದ್ದಾರೆ. ಮೊಮ್ಮಗಳ ಅಬ್ದಪೂರ್ತಿಗೆಂದು ನಾವು ಹೋದದ್ದು. ಅದಕ್ಕೆ ಇನ್ನೂ ಎರಡು ವಾರವಿತ್ತು. "ಅಪ್ಪ, ಅಮ್ಮ ಇಷ್ಟು ವರ್ಷದಲ್ಲಿ ಎಲ್ಲಿಗೆ ಹೋಗಿದ್ದಾರೆ? ನೀವಿಬ್ಬರೇ ಸುತ್ತಿಬನ್ನಿ" ಎಂದು ಮಗಳು ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದಳು. ಅದರೊಳಗೆ ಹಾಸಿಗೆ, ಗ್ಯಾಸಿನ ಒಲೆ, ತೊಟ್ಟಿ, ಕಪಾಟು, ಎಲ್ಲವೂ ಉಂಟು. ಅಲ್ಲಿಯೂ ರಸ್ತೆಯ ಎಡಗಡೆಯೇ ನಮ್ಮದಾದುದರಿಂದ ಬಂಡಿ ನಡೆಸುವುದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಗ್ಗರಣೆ. ಮೊದಲನೆಯ ಸಂಜೆ ಸಾಸಿವೆ ಚಟಗುಟ್ಟಿದ ಕೂಡಲೇ ಬಂಡಿಯ ಮಾಡಿನಲ್ಲಿದ್ದ ಬೆಂಕಿಯ ಎಚ್ಚರಿಕೆಯ ಯಂತ್ರವು ಕಿವಿ ಒಡೆಯುವಂತೆ ಕೂಗಿಕೊಂಡಿತು. ಅಕ್ಕಪಕ್ಕದ ಬಂಡಿಗಳ ದಂಪತಿಗಳು ಓಡಿಬಂದರು. ಅಂದಿನಿಂದ ಒಗ್ಗರಣೆಯ ಹೊತ್ತಿಗೆ ಬಾಗಿಲು ತೆರೆದು ಟವಲು ಬೀಸುವ ಕೆಲಸ ನನ್ನ ಪಾಲಿಗೆ ಬಂದಿತು.

ಆ ಪ್ರಾಂತವನ್ನು ಕ್ವೀನ್ಸ್‌ಲೆಂಡಿನ ಆರ್ದ್ರ ಉಷ್ಣವಲಯವೆನ್ನುತ್ತಾರೆ. ಸುಮಾರು 9,000 ಚದರ ಕಿಲೋಮೀಟರಿನ ಅರಣ್ಯ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಶ್ಚಿಮ ಘಟ್ಟಗಳಿಗೆ ಆ ಮನ್ನಣೆ ದೊರೆತದ್ದು 2012ರಲ್ಲಿ. ಆಗುಂಬೆಯ ಮಳೆಯಲ್ಲಿ ನೆನೆದವನೆಂಬ ಗರ್ವ ನನಗಿತ್ತು. ಟುಲ್ಲಿ ಎಂಬ ಊರಿನಲ್ಲಿ ಎರಡು ಆಳಿಗಿಂತಲೂ ಹೆಚ್ಚು ಎತ್ತರದ ಬಂಗಾರಬಣ್ಣದ ರಬ್ಬರು ಬೂಟಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. 1950ರಲ್ಲಿ ಆ ಊರಿಗೆ ಸುಮಾರು 7,900 ಮಿಲಿಮೀಟರು ಮಳೆ ಬಿದ್ದಿತಂತೆ. ಬೂಟಿನ ಎತ್ತರವೂ ಅಷ್ಟೇ, 7.9 ಮೀಟರು. ನಾನು ತಲೆಯೆತ್ತಿ ನೋಡಿ ಸುಮ್ಮನಾದೆನು.

ಯುಂಗಬರ್ರದ ಬಳಿಯ ಪರದೆಯ ಅತ್ತಿಮರದ ಮುಂದೆ ಅರ್ಧ ದಿನವೇ ಕಳೆದೆವು. ಹಕ್ಕಿ ಉದುರಿಸಿದ ಬೀಜವು ಒಂದು ದೊಡ್ಡ ಮರದ ಮೇಲೆ ಮೊಳೆತು, ಬೇರುಗಳನ್ನು ಕೆಳಕ್ಕೆ ಬಿಟ್ಟು, ಆಶ್ರಯ ಕೊಟ್ಟ ಮರವನ್ನು ಬಿಗಿದು ಕೊಂದಿದೆ. ಸತ್ತ ಮರ ಪಕ್ಕದ ಮರದ ಮೇಲೆ ಓರೆಯಾಗಿ ಒರಗಿತು. ಆ ಓರೆಯ ಉದ್ದಕ್ಕೂ ಅತ್ತಿಯು ಇಳಿಬಿಟ್ಟ ಬೇರುಗಳು ಇಂದು ಹದಿನೈದು ಮೀಟರಿನ ಪರದೆಯಾಗಿ ನಿಂತಿವೆ. ಒಳಗಿನ ಮರಗಳು ಎಂದೋ ಕೊಳೆತು ಹೋದವು. ಊರ್ಧ್ವಮೂಲವೆಂಬ ಮಾತಿಗೆ ತರಗತಿಯಲ್ಲಿ ನಾನು ಕೊಡುತ್ತಿದ್ದ ವಿವರಣೆಯೆಲ್ಲ ಅಲ್ಲಿ ಪೇಲವವಾಗಿ ಕಂಡಿತು.

ಅಲ್ಲಿಗೆ ಸಮೀಪದಲ್ಲೇ ಬ್ಯಾರೀನ್, ಈಚಮ್ ಎಂಬ ಸರೋವರಗಳಿವೆ. ಅವು ಹಳೆಯ ಜ್ವಾಲಾಮುಖಿಗಳ ಬಾಯಿಗಳು. ಇಬ್ಬರು ತರುಣರು ವಿಧಿನಿಷೇಧವನ್ನು ಮೀರಿದುದರಿಂದ ನೆಲ ಬಿರಿದು ಈ ಸರೋವರಗಳಾದವೆಂದು ಮೂಲನಿವಾಸಿಗಳು ಕಥೆ ಹೇಳುತ್ತಾರೆ. ಡಿಕ್ಸನ್ ಎಂಬ ಭಾಷಾಶಾಸ್ತ್ರಜ್ಞರು 1960ರ ದಶಕದಲ್ಲಿ ಇದನ್ನು ಬರೆದುಕೊಂಡರು. ಆ ಕಾಲದಲ್ಲಿ ಇಲ್ಲಿ ದಟ್ಟಡವಿ ಇರಲಿಲ್ಲ, ಕುರುಚಲು ಬಯಲಿತ್ತು ಎಂದು ಕಥೆ ಹೇಳಿದ ಹಿರಿಯನು ಸೇರಿಸಿದನಂತೆ. ಅದನ್ನು ಆಗ ಯಾರೂ ಲೆಕ್ಕಿಸಲಿಲ್ಲ. ಆಮೇಲೆ ಕೆರೆಯ ತಳದ ಕೆಸರಿನಲ್ಲಿದ್ದ ಪರಾಗವನ್ನು ಪರೀಕ್ಷಿಸಿದವರು ಆ ಕಾಡಿನ ವಯಸ್ಸು ಸುಮಾರು 7,600 ವರ್ಷ ಮಾತ್ರವೆಂದು ಕಂಡುಕೊಂಡರು. ಲಿಪಿಯಿಲ್ಲದೆ ಬಾಯಿಂದ ಬಾಯಿಗೆ ಇಷ್ಟು ಕಾಲ ಉಳಿದ ಮಾತು! ಶ್ರುತಿಯ ಮಹಿಮೆ ನಮ್ಮೊಬ್ಬರದೇ ಎಂದು ತಿಳಿದಿದ್ದವನಿಗೆ ಇದು ಒಳ್ಳೆಯ ಪಾಠವಾಯಿತು.

ಎಟ್ಟಿ ಬೇ ಎಂಬ ಕಡಲತೀರದಲ್ಲಿ ಬಂಡಿ ನಿಲ್ಲಿಸಿದ್ದಾಗ ಕ್ಯಾಸೊವರಿ ಎಂಬ ಪಕ್ಷಿಯನ್ನು ಕಂಡೆವು. ಆಳೆತ್ತರ, ಹಾರಲಾರದು, ನೀಲಿ ಕೊರಳು, ತಲೆಯ ಮೇಲೆ ಕಿರೀಟ, ಕಾಲಿನಲ್ಲಿ ಕಠಾರಿಯಂತಹ ಉಗುರು. ಪಟ್ಟೆ ಮಾಸುತ್ತಿದ್ದ ಎರಡು ಮರಿಗಳು ಹಿಂದೆ ಬರುತ್ತಿದ್ದವು. ತಾಯಿಯಿರಬೇಕೆಂದು ನಾನೆಂದೆ. ಬಳಿಯಲ್ಲಿದ್ದ ಫಲಕವನ್ನು ಆಕೆ ನನ್ನಿಂದ ಓದಿಸಿದಳು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಸುಮಾರು ಐವತ್ತು ದಿನ ಕಾವು ಕೊಡುವುದೂ, ಆಮೇಲೆ ಒಂಬತ್ತು ತಿಂಗಳವರೆಗೆ ಮರಿಗಳನ್ನು ಸಾಕುವುದೂ ಗಂಡು. ಆಕೆ ಏನೂ ಹೇಳಲಿಲ್ಲ. ಹುರುಳಿಕಾಯಿಯ ತಟ್ಟೆಯನ್ನೂ ಚೂರಿಯನ್ನೂ ನನ್ನ ಕಡೆಗೆ ಸರಿಸಿದಳು.

ಉಳಿದ ದಿನಗಳ ವಿವರ ಬೇಡ. ಬಟ್ಟೆ ಒಣಗಲಿಲ್ಲ, ಬೆಲ್ಲ ಕರಗಿತು. ಮೊಸಳೆಗಳಿರುವ ಹೊಳೆಯ ಹತ್ತಿರ ಸ್ನಾನದ ಯೋಚನೆಯನ್ನೇ ಮಾಡಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಮಿಲ್ಲಾ ಮಿಲ್ಲಾದ ಜಲಪಾತವನ್ನು ನೋಡಿಕೊಂಡು ಹೊರಟೆವು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಮೊಮ್ಮಗಳ ಮುಹೂರ್ತ. ಆ ಊರಿನಲ್ಲಿ ಪುರೋಹಿತರು ಸಿಕ್ಕದೆ, ಮಂತ್ರ ಹೇಳಬೇಕಾದವನು ನಾನೇ. ಮಳೆ ಹಿಡಿದಿತ್ತು. ಒಳದಾರಿಯಲ್ಲಿ ಒಂದು ಹಳ್ಳವು ರಸ್ತೆಯ ಮೇಲೆ ಹರಿಯುತ್ತಿತ್ತು. ಅಳತೆಯ ಕಂಬದಲ್ಲಿ ನೀರು ಒಂದಡಿಗಿಂತ ಸ್ವಲ್ಪ ಮೇಲಿತ್ತು. ನಮ್ಮ ಮುಂದೆಯೇ ಒಂದು ಎತ್ತರದ ಲಾರಿ ದಾಟಿಹೋಯಿತು. ನೀರು ಹರಿಯುತ್ತಿದ್ದರೆ ಆ ದಾರಿಯನ್ನೇ ಮರೆಯಿರಿ ಎಂದು ಅಲ್ಲಿಯ ಸರ್ಕಾರವು ಎಲ್ಲೆಲ್ಲೂ ಸಾರುತ್ತದೆ. ಹರಿಯುವ ನೀರು ಒಂದಡಿಯಿದ್ದರೂ ಸಣ್ಣ ಕಾರನ್ನು ತೇಲಿಸಬಲ್ಲುದು. ಇದೆಲ್ಲ ನನಗೆ ಗೊತ್ತಿತ್ತು.

"ಒಂದು ಮಾರು ದೂರ ನೀರು, ದಾಟಿಬಿಡೋಣ" ಎಂದೆ.

"ನೀವು ಹೋಗುವುದಾದರೆ ಹೋಗಿ. ನಾನು ಇಳಿಯುತ್ತೇನೆ" ಎಂದಳು. ಇಳಿದೇ ಬಿಟ್ಟಳು. ಛತ್ರಿ ಹಿಡಿದು ರಸ್ತೆಯ ಪಕ್ಕದಲ್ಲಿ ನಿಂತಳು.

ನನಗೆ ಕೋಪ ಬಂದಿತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಆಕೆ ಹಾಗೆ ಮಾಡಿದ್ದು ಅದೇ ಮೊದಲು. ಗಳಿಗೆಯ ಮೇಲೆ ಗಳಿಗೆ ಕಳೆಯಿತು, ಆಕೆ ಕದಲಲಿಲ್ಲ. ಕೊನೆಗೆ ಹಸು ಸಾಕುವ ರೈತನೊಬ್ಬನು ಬಂದು, ಇನ್ನೊಂದು ದಾರಿಯೂ ಮುಳುಗಿದೆ, ನೀರು ಬೆಳಗ್ಗೆ ಇಳಿಯುತ್ತದೆ ಎಂದು ಹೇಳಿ, ದಿಬ್ಬದ ಮೇಲಿನ ತನ್ನ ಕೊಟ್ಟಿಗೆಯ ಬಳಿ ಬಂಡಿಯನ್ನು ನಿಲ್ಲಿಸಲು ಜಾಗ ಕೊಟ್ಟನು. ಮಗಳಿಗೆ ಫೋನಿನಲ್ಲಿ ತಿಳಿಸಿದೆವು. ಊಟವಾಗುವವರೆಗೂ ನಾನು ಮಾತಾಡಲಿಲ್ಲ.

ರಾತ್ರಿ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಕತ್ತಲಲ್ಲಿ ಆಕೆ ಕೇಳಿದಳು: "ಹೊಸಂಗಡಿಯ ಸಂಕ ನೆನಪಿದೆಯೆ?"

ನೆನಪಿತ್ತು. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲ. ಬೇಸಗೆಯ ರಜ ಮುಗಿದು ಶಾಲೆ ತೆರೆಯುವ ದಿನ, ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕೆಂಬ ಅವಸರ. ಹಳ್ಳ ತುಂಬಿತ್ತು. ಟ್ರಂಕು ಹೊತ್ತು ನಾನು ಮುಂದೆ ದಾಟಿದೆ. ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಆಕೆ ಹಿಂದೆ ಬಂದಳು.

"ನಡುವೆ ದಿಮ್ಮಿ ಹೊರಳಿತು. ನಾನು ಕುಸಿದು ಕೂತೆ. ಮಗು ಅರ್ಧ ಜಾರಿತ್ತು, ಒಂದು ಕೈಯಲ್ಲಿ ಅದರ ತೋಳು ಸಿಕ್ಕಿತು. ನೀವು ತಿರುಗಿ ನೋಡಲಿಲ್ಲ. ಬಂದೆಯಾ ಎಂದು ಕೇಳಿದಿರಿ. ಬಂದೆ ಎಂದೆ."

ನನಗೆ ಜ್ಞಾಪಕವಿದ್ದದ್ದು ಬೇರೆ. ಮಗುವಿಗೆ ಹೊದಿಸಿದ್ದ ಉಣ್ಣೆಯ ಶಾಲು ಅಂದು ನೀರುಪಾಲಾಗಿತ್ತು. ಅಜಾಗರೂಕಳೆಂದು ದಾರಿಯುದ್ದಕ್ಕೂ ನಾನು ಆಕೆಯನ್ನು ಬೈದಿದ್ದೆ.

"ಅಂದೇ ಏಕೆ ಹೇಳಲಿಲ್ಲ?" ಎಂದೆ.

"ಶಾಲಿನ ಮಾತು ಮುಗಿದ ಮೇಲೆ ಹೇಳೋಣವೆಂದಿದ್ದೆ" ಎಂದಳು.

ಆಮೇಲೆ ಇಬ್ಬರಿಗೂ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಬೆಳಗ್ಗೆ ಮಳೆ ನಿಂತಿತ್ತು. ರೈತನ ಜೊತೆಯಲ್ಲಿ ಹಳ್ಳದವರೆಗೆ ನಡೆದು ಹೋದೆ. ನೀರು ಪಾದದ ಮಟ್ಟಕ್ಕೆ ಇಳಿದಿತ್ತು. ಆಚೆಯ ದಡದ ಹತ್ತಿರ ಡಾಂಬರು ಮೇಲೆ ನೆಟ್ಟಗಿತ್ತು. ಅದರ ಅಡಿಯ ಮಣ್ಣು ಕೊಚ್ಚಿಹೋಗಿ ಸೂರಿನ ಹೆಂಚಿನಂತೆ ಚಾಚಿಕೊಂಡಿತ್ತು. ರೈತನು ಕೋಲಿನಿಂದ ತಿವಿದನು. ಒಂದು ತುಂಡು ಮುರಿದು ಬಿದ್ದಿತು. ನಾನು ಹಿಂದಿರುಗಿ ಹೋಗಿ ಆಕೆಯನ್ನು ಕರೆದುಕೊಂಡು ಬಂದು ತೋರಿಸಿದೆ. ಆಕೆ ನೋಡಿ, "ಕಾಫಿ ಆರುತ್ತದೆ ಬನ್ನಿ" ಎಂದಳು.

ಬಳಸುದಾರಿಯಲ್ಲಿ ಕೇರ್ನ್ಸ್ ಸೇರುವಾಗ ಸಂಜೆ ನಾಲ್ಕು ಗಂಟೆ. ಮುಹೂರ್ತ ಮೀರಿಹೋಗಿತ್ತು. ದೀಪ ಹಚ್ಚಿ, ಇದ್ದಷ್ಟು ಹೊತ್ತಿನಲ್ಲಿ ಮಂತ್ರ ಹೇಳಿ, ಮಗುವಿಗೆ ಅಕ್ಷತೆ ಹಾಕಿದೆವು. ತಡವೇಕಾಯಿತೆಂದು ಬಂದವರೊಬ್ಬರು ಕೇಳಿದರು. "ರಸ್ತೆಗೆ ನೀರು ಬಂದಿತ್ತು. ಇವರು ಬಂಡಿ ನಿಲ್ಲಿಸಿಬಿಟ್ಟರು" ಎಂದು ಆಕೆ ಉತ್ತರ ಕೊಟ್ಟಳು. ಮಗಳು ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಅಲ್ಲವೆನ್ನಲು ನನಗೆ ಅಂದು ಬಾಯಿ ಬರಲಿಲ್ಲ. ಈ ಸಂಚಿಕೆ ಅಂಚೆಯಲ್ಲಿ ಅವಳ ಕೈಸೇರಲು ಮೂರು ವಾರವಾದರೂ ಹಿಡಿಯುತ್ತದೆ.