ಮೂರು ಬಿಲ್ಲಿನಲ್ಲಿ ವರ್ಷ ಕಾಣುವುದೇ?

ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಂಥ ಊರುಗಳಲ್ಲಿ ಹಣ ಬರುವುದು ವರ್ಷದ ಲೆಕ್ಕದಲ್ಲಿ, ಹೋಗುವುದು ತಿಂಗಳ ಲೆಕ್ಕದಲ್ಲಿ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಎಂಬುದನ್ನು ಈ ಭಾಗದ ಓದುಗರಿಗೆ ವಿವರಿಸಬೇಕಿಲ್ಲ. ಕಬ್ಬಿನ ಬಿಲ್ಲು ಜಮೆಯಾದ ದಿನ ಸಾಲ, ಗೊಬ್ಬರ, ಮದುವೆ ಎಂದು ಹಂಚಿಕೆ ಶುರುವಾಗುತ್ತದೆ. ಎಕರೆಗೆ ಬೀಜ ಎಷ್ಟು, ಆಳು ಎಷ್ಟು ಎಂಬ ಲೆಕ್ಕ ರೈತರ ಬಾಯಲ್ಲೇ ಇರುತ್ತದೆ. ಊರಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಆದರೆ ಅಡುಗೆ ಅನಿಲಕ್ಕೂ ಮನೆಯ ಕರೆಂಟಿಗೂ ವರ್ಷಕ್ಕೆ ಎಷ್ಟು ತೆಗೆದಿಡಬೇಕು ಎಂದು ಕೇಳಿದರೆ, ಕೈಗೆ ಸಿಕ್ಕ ಎರಡು ಮೂರು ಬಿಲ್ಲು ನೋಡಿ, ಸರಾಸರಿ ತೆಗೆದು, ಹನ್ನೆರಡರಿಂದ ಗುಣಿಸುವುದೇ ರೂಢಿ. ಈ ರೂಢಿ ತಪ್ಪು ಉತ್ತರ ಕೊಡುತ್ತದೆ. ಬಿಲ್ಲು ಕಡಿಮೆ ಇರುವುದು ಅದಕ್ಕೆ ಮುಖ್ಯ ಕಾರಣವಲ್ಲ. ಬಿಲ್ಲಿನಲ್ಲಿ ನಾವು ರೂಪಾಯಿ ಓದುತ್ತೇವೆ, ಬಳಕೆಯನ್ನು ಓದುವುದಿಲ್ಲ.

ಮೊದಲು ಗ್ಯಾಸ್ ನೋಡೋಣ. ಗ್ಯಾಸಿಗೆ ತಿಂಗಳ ಬಿಲ್ಲು ಎಂಬುದೇ ಇಲ್ಲ. ಸಿಲಿಂಡರ್ ಬಂದ ದಿನದ ರಸೀದಿ ಇದೆ, ಗ್ಯಾಸ್ ಪುಸ್ತಕದಲ್ಲಿ ತಾರೀಖು ಇದೆ. ಎರಡು ತಾರೀಖುಗಳ ನಡುವಿನ ದಿನಗಳೇ ಇಲ್ಲಿ ಅಳತೆ. 14.2 ಕಿಲೋದ ಒಂದು ಸಿಲಿಂಡರ್ ಎಷ್ಟು ದಿನ ಬಂತೆಂದು ಗೊತ್ತಾದರೆ 365ನ್ನು ಅದರಿಂದ ಭಾಗಿಸಿದರಾಯಿತು ಎನಿಸುತ್ತದೆ. ಆದರೆ ಹಳ್ಳಿಯ ಅಡುಗೆಮನೆಯಲ್ಲಿ ಗ್ಯಾಸ್ ಒಂಟಿಯಾಗಿ ಉರಿಯುವುದಿಲ್ಲ. ಬೇಸಿಗೆಯಲ್ಲಿ ಹತ್ತಿಕಟ್ಟಿಗೆ, ಕುಳ್ಳು ಒಣಗಿರುತ್ತವೆ; ರೊಟ್ಟಿ, ಸ್ನಾನದ ನೀರು ಎರಡೂ ಒಲೆಯ ಪಾಲು, ಗ್ಯಾಸಿಗೆ ಉಳಿಯುವುದು ಚಹಾ ಮತ್ತು ಪಲ್ಯ. ಮಳೆ ಹಿಡಿದರೆ ಕಟ್ಟಿಗೆ ತೊಯ್ಯುತ್ತದೆ, ರೊಟ್ಟಿಯ ಹಂಚು ಗ್ಯಾಸಿನ ಮೇಲೆ ಬರುತ್ತದೆ. ಅದರ ಬೆನ್ನಿಗೇ ನಾಗರ ಪಂಚಮಿಯ ಉಂಡಿ. ಒಂದು ಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸಿಲಿಂಡರ್ 40 ದಿನ, ಉಳಿದ ಕಾಲ 60 ದಿನ ಬರುತ್ತದೆ ಎಂದಿಟ್ಟುಕೊಳ್ಳಿ. ಮಳೆಗಾಲಕ್ಕೆ ಮೂರು, ಮಿಕ್ಕ ಎಂಟು ತಿಂಗಳಿಗೆ ನಾಲ್ಕು, ಒಟ್ಟು ಏಳು. ಬರೀ ಮಳೆಗಾಲದ ರಸೀದಿ ಹಿಡಿದು ಲೆಕ್ಕ ಹಾಕಿದವರಿಗೆ ಒಂಬತ್ತು ಬರುತ್ತದೆ, ಬೇಸಿಗೆಯದನ್ನು ಹಿಡಿದವರಿಗೆ ಆರು. ಸಿಲಿಂಡರಿಗೆ 900 ರೂಪಾಯಿ ಹಿಡಿದರೆ ಈ ಎರಡು ಅಂದಾಜುಗಳ ಅಂತರ 2,700 ರೂಪಾಯಿ.

ಸ್ವಂತ ರಸೀದಿ ಸಾಲದಿದ್ದರೆ ದೇಶದ ಸರಾಸರಿ ಹಿಡಿದರಾಗದೇ ಎನ್ನುವವರಿದ್ದಾರೆ. ಬಡ ಮನೆಗಳ ಗ್ಯಾಸ್ ಸಂಪರ್ಕಕ್ಕಾಗಿ ಇರುವ ಉಜ್ವಲಾ ಯೋಜನೆಯ ಫಲಾನುಭವಿಗಳು ವರ್ಷಕ್ಕೆ ಪಡೆಯುವ ಸಿಲಿಂಡರ್ ಸರಾಸರಿ 2019–20ರಲ್ಲಿ 3.01 ಇದ್ದದ್ದು 2024–25ಕ್ಕೆ 4.47 ಆಯಿತೆಂದು ಕೇಂದ್ರ ಸರ್ಕಾರವೇ ಹೇಳಿದೆ. ಒಂದು ಮನೆಗೆ ಎಷ್ಟು ಬೇಕು ಎಂಬುದು ಈ ಸಂಖ್ಯೆಯಲ್ಲಿಲ್ಲ; ಎಷ್ಟು ಕೊಳ್ಳಲು ಆಯಿತು ಎಂಬುದಷ್ಟೇ ಇದೆ. ಸಹಾಯಧನದ ಮಾತೂ ಹೀಗೆಯೇ. 2025–26ಕ್ಕೆ ಉಜ್ವಲಾ ಮನೆಗಳಿಗೆ ಸಿಲಿಂಡರಿಗೆ 300 ರೂಪಾಯಿಯಂತೆ ಒಂಬತ್ತು ಸಿಲಿಂಡರ್‌ವರೆಗೆ ನೆರವು ಕೊಡಲು ಕೇಂದ್ರ ಒಪ್ಪಿತು. ವರ್ಷದ ಲೆಕ್ಕದಲ್ಲಿ ಅದನ್ನು ಕಳೆಯಬಹುದು. ಆದರೆ ಸಿಲಿಂಡರ್ ಬಾಗಿಲಿಗೆ ಬಂದಾಗ ಪೂರ್ತಿ ದುಡ್ಡು ಎಣಿಸಬೇಕು, ನೆರವು ಆಮೇಲೆ ಖಾತೆಗೆ ಬರುತ್ತದೆ. ಕಬ್ಬಿನ ಬಿಲ್ಲು ಖರ್ಚಾಗಿ ಹೋದ ಆಷಾಢದಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ.

ಕರೆಂಟಿನದು ಇದಕ್ಕೆ ತಿರುವುಮುರುವು. ಇಲ್ಲಿ ಬಳಕೆ ಏರುವುದು ಬೇಸಿಗೆಯಲ್ಲಿ, ಹಗಲು ರಾತ್ರಿ ಫ್ಯಾನು ತಿರುಗುವಾಗ. ಆದರೆ 2023ರ ಜುಲೈ ಬಳಕೆಯಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಿಗೆ ಬರುವುದು ಶೂನ್ಯ ಬಿಲ್ಲು. ಶೂನ್ಯವನ್ನು ಹನ್ನೆರಡರಿಂದ ಗುಣಿಸಿದರೂ ಶೂನ್ಯವೇ ಅಲ್ಲವೇ, ಇನ್ನೇನು ಲೆಕ್ಕ ಎಂಬ ಪ್ರಶ್ನೆ ಸಹಜ. ಯೋಜನೆಯ ನಿಯಮ ನೋಡಿದರೆ ಉತ್ತರ ಸಿಗುತ್ತದೆ. 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದ್ದು ಆ ಮನೆಯ ಉಚಿತ ಮಿತಿ. ತೀರಾ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು 2024ರ ಜನವರಿಯಲ್ಲಿ ತಿದ್ದಲಾಯಿತು. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ, 200 ದಾಟಿದರೆ ಇಡೀ ಬಿಲ್ಲಿಗೆ ಹಣ. 2025–26ರ ದರದಲ್ಲಿ ಯೂನಿಟ್ಟಿಗೆ 5.80 ರೂಪಾಯಿ, ಅದರ ಮೇಲೆ ಪಿಂಚಣಿ–ಗ್ರಾಚ್ಯುಟಿ ಬಾಬ್ತು 36 ಪೈಸೆ. ಅಂದರೆ ಮಿತಿಯೇ 200 ಇದ್ದರೆ, 200ಕ್ಕೆ ನಿಂತ ಮನೆಗೂ 201ಕ್ಕೆ ಹೋದ ಮನೆಗೂ ಒಂದು ಯೂನಿಟ್ಟಿನ ಅಂತರ, 1,200 ರೂಪಾಯಿ ದಾಟುವ ಬಿಲ್ಲು.

ಸರಾಸರಿ 60 ಯೂನಿಟ್ ಇದ್ದ ಮನೆಯನ್ನು ತೆಗೆದುಕೊಳ್ಳಿ. ಅದರ ಮಿತಿ 66, ವರ್ಷಕ್ಕೆ 792. ಆ ಮನೆ ಎಂಟು ತಿಂಗಳು 55ರಂತೆ, ಮಾರ್ಚ್‌ನಿಂದ ಜೂನ್‌ವರೆಗೆ 90ರಂತೆ ಬಳಸಿದರೆ ವರ್ಷದ ಒಟ್ಟು 800. ವರ್ಷದ ಮಿತಿಗಿಂತ ಎಂಟೇ ಯೂನಿಟ್ ಹೆಚ್ಚು. ಆದರೆ ಲೆಕ್ಕ ತಿಂಗಳದ್ದು: ಎಂಟು ತಿಂಗಳಲ್ಲಿ ಬಳಸದೆ ಬಿಟ್ಟ 88 ಯೂನಿಟ್ ಮುಂದಕ್ಕೆ ಬರುವುದಿಲ್ಲ, ಬೇಸಿಗೆಯ 96 ಯೂನಿಟ್ಟಿಗೆ ಸುಮಾರು 590 ರೂಪಾಯಿ, ತೆರಿಗೆ ಬೇರೆ. ಈ ಮನೆಯವರು ಚಳಿಗಾಲದ ಮೂರು ಬಿಲ್ಲು ನೋಡಿದರೆ ವರ್ಷದ ಖರ್ಚು ಸೊನ್ನೆ ಎನ್ನುತ್ತಾರೆ. ಮೇ ತಿಂಗಳ ಒಂದೇ ಬಿಲ್ಲು ನೋಡಿದವರು 1,770 ಎನ್ನುತ್ತಾರೆ. ಸತ್ಯ ಇವೆರಡಕ್ಕೂ ದೂರ. ಆದರೆ ಶೂನ್ಯ ಬಿಲ್ಲಿನ ಮೇಲೂ ಯೂನಿಟ್ ಅಚ್ಚಾಗಿರುತ್ತದೆ, ಹಿಂದಿನ ಮತ್ತು ಈಗಿನ ರೀಡಿಂಗ್ ಇರುತ್ತದೆ. ಮೀಟರ್ ಓದುವವರು ಒಮ್ಮೆ 28 ದಿನಕ್ಕೆ, ಒಮ್ಮೆ 34 ದಿನಕ್ಕೆ ಬರಬಹುದು; ಯೂನಿಟ್ಟನ್ನು ದಿನಗಳಿಂದ ಭಾಗಿಸಿದರೆ ಆ ಏರುಪೇರು ಕಳೆಯುತ್ತದೆ. ಮನೆಗೆ ಬೀಗ ಇದ್ದಾಗ ಸರಾಸರಿ ಹಿಡಿದು ಕೊಟ್ಟ ಬಿಲ್ಲನ್ನು ಮಾತ್ರ ಲೆಕ್ಕಕ್ಕೆ ತರಬಾರದು, ಅದೇ ಒಂದು ಅಂದಾಜು.

ಬಿಲ್ಲುಗಳೇ ಇಲ್ಲದ ಮನೆಯ ಸ್ಥಿತಿ ಏನು? ಸರ್ಕಾರಕ್ಕೂ ಇದೇ ಪ್ರಶ್ನೆ ಎದುರಾಗಿತ್ತು. ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ, 58 ಎಂದು ಗೊತ್ತುಮಾಡಿತು. ಆಡಳಿತಕ್ಕೆ ಅದು ಅನುಕೂಲ. ಆದರೆ ಒಂದು ನಿರ್ದಿಷ್ಟ ಮನೆಯ ಅಂದಾಜಿಗೆ ಅದು ದುರ್ಬಲ ಆಧಾರ; ತೋಟದಲ್ಲಿ ಎರಡು ಬಲ್ಬು, ಒಂದು ಫ್ಯಾನಿನ ಮನೆಯೂ ಗೋಕಾಕದಲ್ಲಿ ಫ್ರಿಜ್, ಮಿಕ್ಸಿ ಇರುವ ಮನೆಯೂ ಅದರೊಳಗೆ ಸೇರಿವೆ. ಅದಕ್ಕಿಂತ ಅಷ್ಟೇ ಜನ, ಅಂಥದ್ದೇ ಸಾಮಾನು ಇರುವ ನೆರೆಮನೆಯ ಹನ್ನೆರಡು ಬಿಲ್ಲು ಕೇಳಿ ಪಡೆಯುವುದು ಲೇಸು. ಅಲ್ಲಿ ಮೇ ತಿಂಗಳು ಜನವರಿಯ ಎಷ್ಟು ಪಟ್ಟು ಎಂಬುದು ತಿಳಿದರೆ, ನಮ್ಮ ಜನವರಿಯ ಒಂದೇ ಬಿಲ್ಲಿನಿಂದ ನಮ್ಮ ಮೇ ತಿಂಗಳನ್ನು ಊಹಿಸಬಹುದು.

ದರವೇ ಬದಲಾಗುವಾಗ ಈ ಕಸರತ್ತೆಲ್ಲ ಏಕೆ ಎಂಬ ಆಕ್ಷೇಪಕ್ಕೆ ಬಲವಿದೆ. ಸಿಲಿಂಡರ್ ಬೆಲೆ 2023ರ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿಯಿತು, 2025ರ ಏಪ್ರಿಲ್‌ನಲ್ಲಿ 50 ಏರಿತು. ಬಳಕೆಯನ್ನು ಬೆಲೆಯಿಂದ ಬಿಡಿಸಿ ಇಡಬೇಕಾದ್ದು ಇದೇ ಕಾರಣಕ್ಕೆ. ಏಳು ಸಿಲಿಂಡರ್, 800 ಯೂನಿಟ್ ಎಂದು ಬರೆದಿಟ್ಟ ಮನೆಗೆ ಬೆಲೆ ಏರಿದ ದಿನ ಒಂದು ಗುಣಾಕಾರ ಸಾಕು. ರೂಪಾಯಿ ಮಾತ್ರ ಬರೆದಿಟ್ಟವರು ಮತ್ತೆ ಮೊದಲಿಂದ ಶುರುಮಾಡಬೇಕು.

ಬೇಸಿಗೆಯ ಹೊರೆ ತಪ್ಪಿಸಲು ಗೃಹಜ್ಯೋತಿಯ ಮಿತಿಯನ್ನು ತಿಂಗಳ ಬದಲು ವರ್ಷದ ಲೆಕ್ಕಕ್ಕೆ ತರಬಹುದು; ಆದರೆ ಅದು ಬೊಕ್ಕಸಕ್ಕೆ ಹೊರೆ ಎಂಬುದನ್ನೂ ಒಪ್ಪಬೇಕು. ಇಂದು ಬಳಕೆಯಾಗದೆ ಹೋಗುವ ಯೂನಿಟ್ಟು ಸರ್ಕಾರಕ್ಕೆ ಉಳಿತಾಯವೇ. ಆ ಚರ್ಚೆ ನಡೆಯಲಿ. ಆದರೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ: ಪ್ರತಿ ಬಿಲ್ಲಿನ ಕೆಳಗೆ ಹಿಂದಿನ ಹನ್ನೆರಡು ತಿಂಗಳ ಯೂನಿಟ್ಟನ್ನು ಒಂದೇ ಸಾಲಿನಲ್ಲಿ ಅಚ್ಚುಹಾಕುವುದು. ಉಚಿತ ಮಿತಿಯನ್ನು ನಿರ್ಧರಿಸಲು ಬಳಸಿದ ಮಾಹಿತಿ ಈ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಕೈಯಲ್ಲೇ ಇದೆ. ಹೆಸ್ಕಾಂ ತಡಮಾಡಿದರೆ ಪಕ್ಕದ ಹುಕ್ಕೇರಿಯಲ್ಲಿ 1969ರಿಂದ ಇರುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಮೊದಲು ಮಾಡಬಹುದು. ಸಹಕಾರ ಸಂಘವಾದ್ದರಿಂದ ಅಲ್ಲಿ ಸದಸ್ಯರು ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಂತು ಈ ಒಂದು ಸಾಲನ್ನು ಕೇಳಬಹುದು.