ಕೊಡಗಿನ ಪ್ರವಾಸೋದ್ಯಮಕ್ಕೆ ಗದ್ದೆಯ ಲೆಕ್ಕವೂ ಇರಲಿ

2025ರ ಆರಂಭದಲ್ಲಿ ಕೊಡಗಿನ ಕಾಫಿ ಬೆಳೆಗಾರರಿಗೆ ರೋಬಸ್ಟಾ ಚೆರ್ರಿಯ 50 ಕೆ.ಜಿ. ಚೀಲಕ್ಕೆ 10 ಸಾವಿರ ರೂಪಾಯಿಗೂ ಹೆಚ್ಚು ಬೆಲೆ ಸಿಕ್ಕಿತು. ಅದಕ್ಕೂ ಐದಾರು ವರ್ಷಗಳ ಹಿಂದೆ ಇದರ ಅರ್ಧವೂ ಸಿಗುತ್ತಿರಲಿಲ್ಲ. ಬೆಳೆಗಾರರು ಸ್ವಲ್ಪ ಉಸಿರಾಡುವಂತಾಗಿರುವ ಈ ಹೊತ್ತಿನಲ್ಲೇ ಜಿಲ್ಲೆಯ ಪ್ರವಾಸೋದ್ಯಮಕ್ಕೆ ಸ್ಪಷ್ಟ ನಿಯಮ ರೂಪಿಸಬೇಕು. ಬೆಲೆ ಕುಸಿದ ಮೇಲೆ, ಬಂದ ಹಣಕ್ಕೆಲ್ಲ ಬಾಗಿಲು ತೆರೆಯುವ ಒತ್ತಡದಲ್ಲಿ, ಆ ಕೆಲಸ ಆಗುವುದಿಲ್ಲ.

ಕೊಡಗಿನಲ್ಲಿ ಹೋಂಸ್ಟೇಗಳು ಹೆಚ್ಚಿದ್ದೂ ಬೆಲೆ ಕುಸಿತದ ದಿನಗಳಲ್ಲೇ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ಬೆಳೆಯನ್ನು ಕಾಫಿ ಮಂಡಳಿಯೇ ಸಂಗ್ರಹಿಸಿ ಮಾರುತ್ತಿದ್ದ ಪೂಲ್ ಪದ್ಧತಿ ಕೊನೆಗೊಂಡು ಬೆಳೆಗಾರ ನೇರವಾಗಿ ಮಾರುಕಟ್ಟೆಗೆ ಇಳಿದ. ಮೊದಲ ಕೆಲವು ವರ್ಷ ಲಾಭವಾಯಿತು. ಆಮೇಲೆ ವಿಯೆಟ್ನಾಂನ ಕಾಫಿ ಜಗತ್ತನ್ನೆಲ್ಲ ತುಂಬಿತು, 2001ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಅರೇಬಿಕಾ ಗಿಡಗಳನ್ನು ಕಾಂಡಕೊರಕ ಬೇರೆ ತಿನ್ನುತ್ತಿತ್ತು. ಬ್ಯಾಂಕಿನ ಸಾಲ ಬೆಳೆಯುತ್ತಿದ್ದಾಗ ಎಷ್ಟೋ ಕುಟುಂಬಗಳು ಮನೆಯ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟವು. ಕಡಂಬುಟ್ಟು, ನೂಪುಟ್ಟು, ಪಂದಿ ಕರಿಯ ಊಟ ಬಡಿಸಿದವು. ವರ್ಷಕ್ಕೊಮ್ಮೆ ಕೊಯ್ಲಿನ ನಂತರ ಮಾತ್ರ ಹಣ ಕಾಣುತ್ತಿದ್ದ ಮನೆಗೆ ವಾರವಾರವೂ ಹಣ ಬಂತು. ಅದರಲ್ಲಿ ಒಂದು ಪಾಲು ಅಡುಗೆ, ಉಪಚಾರ ನೋಡಿಕೊಂಡ ಹೆಂಗಸರ ಕೈಗೇ ಬಂತು.

ಆ ಹೋಂಸ್ಟೇ ಕೃಷಿಯ ಊರುಗೋಲಾಗಿತ್ತು. ಈಗ ಅದೇ ಹೆಸರಿನ ಫಲಕ ಹೊತ್ತ ಎಷ್ಟೋ ಕಟ್ಟಡಗಳಿಗೂ ಬೇಸಾಯಕ್ಕೂ ಸಂಬಂಧವಿಲ್ಲ. ಮಾಲೀಕರು ಇರುವುದು ಬೇರೆ ಊರಿನಲ್ಲಿ, ಕಟ್ಟಡ ಗುತ್ತಿಗೆಯಲ್ಲಿ, ಅಕ್ಕಿ ತರಕಾರಿ ಬರುವುದು ಜಿಲ್ಲೆಯ ಹೊರಗಿನಿಂದ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ವರ್ಷಕ್ಕೆ ಬಂದುಹೋಗುವ ಪ್ರವಾಸಿಗರು ಅದರ ಹಲವು ಪಟ್ಟು. ಅವರ ಕಸ, ವಾಹನ, ನೀರಿನ ಹೊರೆಯನ್ನು ಹೊರುವುದು ಸಣ್ಣ ಗ್ರಾಮ ಪಂಚಾಯಿತಿಗಳು.

ಹೆಚ್ಚು ಪೆಟ್ಟು ಬಿದ್ದಿರುವುದು ಗದ್ದೆಗೆ. ಕಾಫಿ ತೋಟಗಳ ನಡುವಿನ ತಗ್ಗಿನಲ್ಲಿರುವ ಭತ್ತದ ಗದ್ದೆಗಳು ಮುಂಗಾರಿನ ನೀರನ್ನು ತಡೆದು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತವೆ. ಮೈಸೂರು, ಮಂಡ್ಯ, ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿಯ ಜಲಾನಯನ ಇದೇ ನೆಲ. ಆದರೆ ಭತ್ತ ಬೆಳೆದವನಿಗೆ ಕೂಲಿಯ ಖರ್ಚೂ ಹುಟ್ಟುವುದಿಲ್ಲ. ನಾಟಿಗೆ ಆಳು ಸಿಗುವುದಿಲ್ಲ, ತೆನೆ ಬಲಿತರೆ ಆನೆ ಬರುತ್ತದೆ. ಹಾಗಾಗಿ ಗದ್ದೆ ಪಾಳು ಬೀಳುತ್ತದೆ, ಬಳಿಕ ಮಣ್ಣು ತುಂಬಿಸಿ ನಿವೇಶನವಾಗುತ್ತದೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯಲು ಪಕ್ಕದವರ ಗದ್ದೆಗೆ ಹೋಗಬೇಕಾದ ಕುಟುಂಬಗಳು ಹೆಚ್ಚುತ್ತಿವೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದಾಗ ಸುರಿದದ್ದು ಅಸಾಧಾರಣ ಮಳೆ, ನಿಜ. ಆದರೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಗುರುತಿಸಿತು. ಪ್ರವಾಸಿ ನೋಡಲು ಬರುವ ಹಸಿರನ್ನೇ ಅಗೆದು ಅವನಿಗೆ ಕೋಣೆ ಕಟ್ಟುವುದು ಲಾಭದ ವ್ಯಾಪಾರವೂ ಅಲ್ಲ. 2018ರಲ್ಲಿ, ಮರುವರ್ಷದ ಮಳೆಗಾಲದಲ್ಲಿ ಬುಕಿಂಗ್ ರದ್ದಾಗಿ ನಷ್ಟ ಉಂಡವರಲ್ಲಿ ಸಣ್ಣ ಹೋಂಸ್ಟೇಗಳವರೂ ಇದ್ದರು.

ಪ್ರವಾಸೋದ್ಯಮವನ್ನೇ ನಿಲ್ಲಿಸಿ ಎನ್ನುವುದು ಇದಕ್ಕೆ ಉತ್ತರವಲ್ಲ. 2025ರ ಆರಂಭದ ಕಾಫಿ ಬೆಲೆಯ ಹಿಂದೆ ಬ್ರೆಜಿಲ್ ಮತ್ತು ವಿಯೆಟ್ನಾಂನ ಬರಗಾಲವಿತ್ತು. ಅಲ್ಲಿ ಮಳೆ ಚೆನ್ನಾದರೆ ಇಲ್ಲಿ ಬೆಲೆ ಇಳಿಯಬಹುದು. ಎರಡನೆಯ ಆದಾಯ ಬೇಕೇ ಬೇಕು, ಆದರೆ ಅದು ಬೇಸಾಯ ಮಾಡುವವನಿಗೆ ತಲುಪಬೇಕು. ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ನೀತಿ ತಂದು, ಜಮೀನು ಹೊಂದಿದ ರೈತರು ಮತ್ತು ರೈತರ ಸಂಸ್ಥೆಗಳನ್ನು ಅದರ ಕೇಂದ್ರದಲ್ಲಿಟ್ಟಿತು.

ಕೊಡಗಿಗೆ ಇನ್ನೂ ಬಿಗಿಯಾದ ಕಟ್ಟಳೆ ಬೇಕು. ಮಾಲೀಕ ಕುಟುಂಬ ಅಲ್ಲೇ ವಾಸವಿದ್ದು ಬೇಸಾಯ ಮಾಡುತ್ತಿದ್ದರೆ ಮಾತ್ರ ಹೋಂಸ್ಟೇ ಎಂಬ ಹೆಸರು ಸಿಗಲಿ. ಉಳಿದವು ಹೋಟೆಲಿನ ನಿಯಮ, ಹೋಟೆಲಿನ ತೆರಿಗೆಗೆ ಒಳಪಡಲಿ. ಅಬ್ಬಿ ಜಲಪಾತ, ಮಾಂದಲಪಟ್ಟಿ, ದುಬಾರೆಯಂಥ ತಾಣಗಳ ಶುಲ್ಕದಲ್ಲಿ ಒಂದು ಪಾಲು ಆಯಾ ಪಂಚಾಯಿತಿಗೆ ಬರಲಿ. ಅದರಲ್ಲಿ ಕಸದ ವಿಲೇವಾರಿಯ ಖರ್ಚು ಕಳೆದು ಉಳಿದದ್ದನ್ನು ಭತ್ತ ನಾಟಿ ಮಾಡಿದವರಿಗೆ ಎಕರೆ ಲೆಕ್ಕದಲ್ಲಿ ಹಂಚಲಿ. ರೆಸಾರ್ಟ್‌ಗಳು ಅಕ್ಕಿ, ಜೇನು, ಕಾಳುಮೆಣಸು, ಕಾಚಂಪುಳಿಯನ್ನು ಸ್ಥಳೀಯ ಸಹಕಾರ ಸಂಘಗಳಿಂದ ಕೊಳ್ಳುವಂತಾಗಲಿ. ತೋಟ ನೋಡಲು ಬಂದವರಿಂದ ಬರುವ ಹಣದಲ್ಲಿ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೂ ಹಕ್ಕಿದೆ. ಅವರ ವಸತಿಯ ಸ್ಥಿತಿಯನ್ನೂ ಪರವಾನಗಿಯ ಷರತ್ತಾಗಿಸಬೇಕು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯಲ್ಲಿದೆ, ಗದ್ದೆಯ ಪಹಣಿ ಕಂದಾಯ ಇಲಾಖೆಯಲ್ಲಿದೆ. ಜಿಲ್ಲಾಡಳಿತ ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಮುಂದಿನ ನಾಟಿಗೆ ಮೊದಲೇ ಈ ಕೆಲಸ ಶುರುಮಾಡಲಿ.